ಹೊಗೆಯಿಲ್ಲದ ಪಯಣವೂ ಅದರ ಋಣವೂ

ದೂರದೇಶಕ್ಕೆ ಹೋಗಿಬಂದವರು ಅಲ್ಲಿನ ಕಟ್ಟಡಗಳ ಎತ್ತರವನ್ನೂ ರಸ್ತೆಗಳ ಅಗಲವನ್ನೂ ವರ್ಣಿಸುವುದು ವಾಡಿಕೆ. 2023ರಲ್ಲಿ ಭಕ್ತರ ಆಹ್ವಾನದ ಮೇರೆಗೆ ನಾವು ಬ್ರಿಟನ್ನಿಗೆ ಹೋಗಿದ್ದಾಗ ಶಿಷ್ಯರೊಬ್ಬರ ವಿದ್ಯುತ್ ಕಾರಿನಲ್ಲಿ ಲಂಡನ್ನಿನಿಂದ ಸ್ಕಾಟ್‌ಲೆಂಡಿನ ಬೆಟ್ಟಸೀಮೆಯವರೆಗೆ ಹೋಗಿಬಂದೆವೆಂಬುದನ್ನು ತಿಳಿದು, ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳನೇಕರು ಆ ಅನುಭವವನ್ನು ಬರೆಯಬೇಕೆಂದು ಕೇಳುತ್ತ ಬಂದಿದ್ದಾರೆ. ಕೆಲವರಿಗೆ ಕಾರಿನ ಬೆಲೆ ತಿಳಿಯಬೇಕು. ಕೆಲವರಿಗೆ ಅದರ ವೇಗ ತಿಳಿಯಬೇಕು. ಮತ್ತೆ ಕೆಲವರಿಗೆ ಪೆಟ್ರೋಲಿನ ಕಾರಿಗಿಂತ ಇದು ಪುಣ್ಯದ ವಾಹನವೇ ಎಂಬ ಪ್ರಶ್ನೆಗೆ ಉತ್ತರ ಬೇಕು. ಮೊದಲಿನ ಎರಡನ್ನು ಕಾರು ಮಾರುವವರೇ ನಮಗಿಂತ ಚೆನ್ನಾಗಿ ಹೇಳಬಲ್ಲರು. ಮೂರನೆಯ ಪ್ರಶ್ನೆ ಮಾತ್ರ ಮಲೆನಾಡಿನವರಾದ ನಮ್ಮನ್ನು ಬೇರೆಯವರಿಗಿಂತ ಹೆಚ್ಚಾಗಿ ತಟ್ಟುತ್ತದೆ. ಈ ಬರಹ ಅದನ್ನು ಕುರಿತದ್ದು.

ಹೊಸ ವಾಹನ ಯಾವುದೇ ಇರಲಿ, ಅದರ ಮೊದಲ ದೂರಪ್ರಯಾಣಿಕರು ಪರರ ಬಾಗಿಲಲ್ಲಿ ನಿಂತು ಕೇಳಿದವರೇ ಆಗಿರುತ್ತಾರೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ಟಾ ಬೆಂಜ್ ಎಂಬ ಮಹಿಳೆ, ಗಂಡ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ತನ್ನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್ ಊರಿಗೆ ಹೊರಟಳು. ಆಗ ಪೆಟ್ರೋಲು ಬಂಕು ಎಂಬುದು ಲೋಕದಲ್ಲಿಯೇ ಇರಲಿಲ್ಲ. ನಡುದಾರಿಯಲ್ಲಿ ಇಂಧನ ಮುಗಿದಾಗ ಆಕೆ ಔಷಧದ ಅಂಗಡಿಯೊಂದರಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರವವನ್ನು ಕೊಂಡು ಗಾಡಿಗೆ ಸುರಿದಳು. ಇಂದು ಮೋಟಾರಿನಲ್ಲಿ ಕುಳಿತವರಾರೂ ಆ ಅಂಗಡಿಯವನನ್ನು ನೆನೆಯುವುದಿಲ್ಲ.

ವಿದ್ಯುತ್ ವಾಹನದ ಈ ಬಗೆಯ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 1990ರಲ್ಲಿ ಆಸ್ಟ್ರೇಲಿಯಾ ಖಂಡವನ್ನು ಉತ್ತರದ ಡಾರ್ವಿನ್‌ನಿಂದ ದಕ್ಷಿಣದ ಅಡಿಲೇಡಿನವರೆಗೆ, ಸುಮಾರು 3,000 ಕಿಲೋಮೀಟರು, ಕೇವಲ ಬಿಸಿಲಿನ ಬಲದಿಂದ ದಾಟುವ ಸ್ಪರ್ಧೆ ನಡೆಯಿತು. ಅದರಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 'ಸನ್‌ರನ್ನರ್' ಎಂಬ ಕಾರು ಮೂರನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಯುವಕ ಚೇತನ್ ಮೈನಿಯವರಿದ್ದರು. ಅವರೇ ಮುಂದೆ ಊರಿಗೆ ಮರಳಿ, ಬೊಮ್ಮಸಂದ್ರದ ಕಾರ್ಖಾನೆಯಲ್ಲಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಸಿದ್ಧಪಡಿಸಿ 2001ರಲ್ಲಿ ಮಾರುಕಟ್ಟೆಗೆ ತಂದರು. ಸೀಸದ ಬ್ಯಾಟರಿಯ ಆ ಕಾರು ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಅದು 'ಜೀ-ವಿಜ್' ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳಿಗೂ ಹೋಯಿತು. ಅಲ್ಲಿಯ ಕಾನೂನು ಅದನ್ನು ಪೂರ್ಣ ಕಾರೆಂದು ಗಣಿಸದೆ ಲಘು ವಾಹನಗಳ ಸಾಲಿಗೆ ಸೇರಿಸಿದರೂ, ವಿದ್ಯುತ್ ಕಾರೆಂದರೇನೆಂಬುದನ್ನು ಆ ನಗರದ ಎಷ್ಟೋ ಜನ ಮೊದಲು ಕಂಡದ್ದು ಬೆಂಗಳೂರಿನಲ್ಲಿ ಹುಟ್ಟಿದ ಈ ಗಾಡಿಯಲ್ಲಿಯೇ. 2010ರಲ್ಲಿ ಆ ಸಂಸ್ಥೆಯ ಬಹುಪಾಲು ಮಹೀಂದ್ರಾ ಸಮೂಹದ ಕೈಸೇರಿತು.

ಇದಕ್ಕಿಂತಲೂ ಮನಸ್ಸನ್ನು ಸೆಳೆಯುವುದು 2016ರ ಪ್ರಯಾಣ. ಭಾರತದಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಪ್ರಜೆಯಾದ ನವೀನ್ ರಬೆಲ್ಲಿ ಎಂಬ ಎಂಜಿನಿಯರು ನಮ್ಮ ಬೀದಿಗಳಲ್ಲಿ ಓಡುವ ಆಟೋರಿಕ್ಷಾ ಒಂದನ್ನು ಕೊಂಡು, ಅದಕ್ಕೆ ವಿದ್ಯುತ್ ಮೋಟಾರು ಕೂಡಿಸಿ, ತಾರಸಿಗೆ ಸೌರಫಲಕ ಹೊದಿಸಿ, 'ತೇಜಸ್' ಎಂದು ಹೆಸರಿಟ್ಟು ಬೆಂಗಳೂರಿನಿಂದ ಹೊರಟರು. ಒಳಗೆ ಮಲಗಲು ಒಂದು ಹಾಸಿಗೆ, ದಾರಿಯವರು ಕೊಟ್ಟ ಆಹಾರವನ್ನಿಡಲು ಒಂದು ಕಪಾಟು, ಬಿಸಿಲಿನಿಂದಲೇ ಅಡಿಗೆ ಮಾಡುವ ಒಂದು ಒಲೆ, ಇಷ್ಟೇ ಅವರ ಸಂಸಾರ. ಇರಾನ್, ತುರ್ಕಿ, ಬಲ್ಗೇರಿಯಾ ಮೊದಲಾದ ದೇಶಗಳನ್ನು ದಾಟಿ, ಏಳು ತಿಂಗಳಲ್ಲಿ ಸುಮಾರು 10,000 ಕಿಲೋಮೀಟರು ಕ್ರಮಿಸಿ ಸೆಪ್ಟೆಂಬರಿನಲ್ಲಿ ಇಂಗ್ಲೆಂಡನ್ನು ಮುಟ್ಟಿದರು. ಫ್ರಾನ್ಸಿನಲ್ಲಿ ಹಣದ ಚೀಲವೂ ಪಾಸ್‌ಪೋರ್ಟೂ ಕಳುವಾಗಿ ಕೆಲವು ದಿನ ತಡವಾಯಿತು. ಆದರೆ ಪಯಣ ನಿಲ್ಲಲಿಲ್ಲ. ಈ ಗಾಡಿಗೆ ಪೆಟ್ರೋಲು ಬೇಡವೆಂದಾಗ ದಾರಿಯ ಜನ ಬೆರಗಾಗಿ ಸುತ್ತ ನೆರೆಯುತ್ತಿದ್ದರೆಂದು ಅವರು ಹೇಳಿದ್ದಾರೆ. ಪೆಟ್ರೋಲು ಬೇಡ, ಸರಿ. ಆದರೆ ಅನ್ನ ಬೇಕು, ಬಿಸಿಲು ಬೇಕು, ರಾತ್ರಿ ಗಾಡಿ ನಿಲ್ಲಿಸಲು ಯಾರದಾದರೂ ಅಂಗಳ ಬೇಕು. ಊರೂರು ಸಂಚರಿಸುವ ಜಂಗಮರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪ್ರಯಾಣ ಅಂಥ ಸಾಹಸದ್ದಲ್ಲ. ಅಲ್ಲಿ ಒಳ್ಳೆಯ ರಸ್ತೆ, ಒಳ್ಳೆಯ ಕಾರು, ಜೊತೆಗೆ ಆ ದೇಶದಲ್ಲಿ ಹದಿನೈದು ವರ್ಷ ನೆಲೆಸಿದ ಶಿಷ್ಯ. ಆತ ಪ್ರೌಢಶಾಲೆಯಿಂದ ಪದವಿಯವರೆಗೆ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದವನು. ವೃತ್ತಿಯಿಂದ ವಿದ್ಯುತ್ ಎಂಜಿನಿಯರು. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನ ಮಾಡಿಕೊಂಡು, ಮೇ ತಿಂಗಳ ಒಂದು ಬೆಳಗ್ಗೆ ಉತ್ತರ ದಿಕ್ಕಿಗೆ ಹೊರಟೆವು. ಹೋಗಿಬರಲು ಒಟ್ಟು ಸುಮಾರು 1,600 ಕಿಲೋಮೀಟರು.

ಕಾರು ಹೊರಟದ್ದು ತಿಳಿಯಲೇ ಇಲ್ಲ. ಎಂಜಿನ್ನಿನ ಗುಡುಗಿಲ್ಲ, ಗೇರು ಬದಲಿಸುವ ಕುಲುಕಿಲ್ಲ. ಚಾಲಕನೆದುರಿನ ಗಾಜಿನ ಫಲಕದಲ್ಲಿ ಮಾತ್ರ ಒಂದು ಅಂಕಿ ಸದಾ ಮಿನುಗುತ್ತಿತ್ತು: ಬ್ಯಾಟರಿಯಲ್ಲಿ ಇನ್ನೆಷ್ಟು ಉಳಿದಿದೆ, ಈ ಕ್ಷಣ ಎಷ್ಟು ಖರ್ಚಾಗುತ್ತಿದೆ. ವೇಗ ಹೆಚ್ಚಿಸಿದರೆ ಖರ್ಚಿನ ಅಂಕಿ ಏರುತ್ತಿತ್ತು. ಎದುರುಗಾಳಿ ಬೀಸಿದರೂ, ಚಳಿಯೆಂದು ಒಳಗಿನ ಗಾಳಿಯನ್ನು ಬಿಸಿ ಮಾಡಿಕೊಂಡರೂ ಏರುತ್ತಿತ್ತು. ಇಳಿಜಾರಿನಲ್ಲಿ ಇಳಿಯುವಾಗ ಅದೇ ಮೋಟಾರು ಡೈನಮೋ ಆಗಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬುತ್ತಿತ್ತು. ಸರಾಸರಿ ಒಂದು ಯೂನಿಟ್ಟಿಗೆ ಆರು ಕಿಲೋಮೀಟರು ಎಂದು ಶಿಷ್ಯ ಲೆಕ್ಕ ಹೇಳಿದ. ಪೆಟ್ರೋಲಿನ ಕಾರಿನಲ್ಲಿ ಕುಳಿತು ಎಷ್ಟೋ ಊರು ಸುತ್ತಿರುವ ನಾವು, ಹೀಗೆ ಪ್ರತಿ ಮೈಲಿಯ ಖರ್ಚನ್ನು ಕಣ್ಣಾರೆ ಕಾಣುತ್ತ ಹೋದದ್ದು ಅದೇ ಮೊದಲು.

ಎರಡು ಮೂರು ಗಂಟೆಗೊಮ್ಮೆ ಹೆದ್ದಾರಿಯ ಬದಿಯ ವಿಶ್ರಾಂತಿ ತಾಣದಲ್ಲಿ ನಿಲ್ಲಬೇಕಾಗುತ್ತಿತ್ತು. ಶಕ್ತಿಯುತ ಚಾರ್ಜರಿಗೆ ಜೋಡಿಸಿದರೆ ಅರ್ಧ ಗಂಟೆಯಲ್ಲಿ ಬ್ಯಾಟರಿ ಮುಕ್ಕಾಲಿಗಿಂತ ಹೆಚ್ಚು ತುಂಬುತ್ತಿತ್ತು. ಮುಂದಿನ ಕಾಲುಭಾಗಕ್ಕೆ ಹೆಚ್ಚು ಸಮಯ ಬೇಕು. ತುಂಬುತ್ತ ಬಂದಂತೆ ಬ್ಯಾಟರಿ ನಿಧಾನವಾಗಿ ಸ್ವೀಕರಿಸುತ್ತದೆ. ಆದುದರಿಂದ ತಿಳಿದವರು ಅಷ್ಟಕ್ಕೇ ಎದ್ದು, ಕಾದಿರುವ ಮುಂದಿನವರಿಗೆ ಜಾಗ ಬಿಟ್ಟುಕೊಡುತ್ತಾರೆ. ಹೊಟ್ಟೆ ಬಿರಿಯುವಂತೆ ಉಣ್ಣದೆ ಪಂಕ್ತಿಯಿಂದ ಏಳಬೇಕೆಂದು ಪ್ರಸಾದನಿಲಯದಲ್ಲಿ ಕಲಿಸಿದ ಪಾಠ ಇಲ್ಲಿಗೂ ಬಂತಲ್ಲ ಎಂದು ಶಿಷ್ಯ ನಕ್ಕ.

ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಹೆದ್ದಾರಿಗೆ ಕಾಣುವಂತೆ ಎಂಟು ಬೃಹತ್ ಗೋಪುರಗಳು ನಿಂತಿದ್ದವು. ಅದು ರ‍್ಯಾಟ್‌ಕ್ಲಿಫ್ ಎಂಬ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ. ಸಾಮರ್ಥ್ಯ 2,000 ಮೆಗಾವಾಟ್. ಆ ವೇಳೆಗಾಗಲೇ ಅದು ಆ ದೇಶದಲ್ಲಿ ಉಳಿದಿದ್ದ ಕೊನೆಯ ಕೆಲವು ಕಲ್ಲಿದ್ದಲು ಕೇಂದ್ರಗಳಲ್ಲಿ ಒಂದಾಗಿತ್ತು. 2024ರ ಸೆಪ್ಟೆಂಬರ್ 30ರಂದು ಅದೂ ಮುಚ್ಚಿತು. 1882ರಲ್ಲಿ ಲಂಡನ್ನಿನ ಹೋಬರ್ನ್‌ನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕ ವಿದ್ಯುತ್ತನ್ನು ಮೊದಲು ಉತ್ಪಾದಿಸಿದ ದೇಶ, ನೂರನಲವತ್ತೆರಡು ವರ್ಷಗಳ ಅನಂತರ ಆ ಒಲೆಯನ್ನು ಆರಿಸಿತು. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಆದ್ದರಿಂದ ನಮ್ಮ ವಿದ್ಯುತ್ ಕಾರಿಗೆ ಹೊಗೆಯಿಲ್ಲವೆನ್ನುವುದು ಪೂರ್ತಿ ನಿಜವಲ್ಲ. ಹೊಗೆ ಕಾರಿನ ಹಿಂಬದಿಯಿಂದ ಹೊರಡದೆ ರಾಯಚೂರಿನ ಚಿಮಣಿಯಿಂದ ಹೊರಡುತ್ತದೆ. ಹಾಗೆಂದು ಎರಡೂ ಒಂದೇ ಎನ್ನುವುದೂ ಸರಿಯಲ್ಲ. ಪೆಟ್ರೋಲಿನ ಎಂಜಿನ್ನು ತಾನು ಕುಡಿದ ಇಂಧನದ ಬಹುಪಾಲನ್ನು ಬರಿಯ ಕಾವಾಗಿ ಚೆಲ್ಲಿಬಿಡುತ್ತದೆ. ವಿದ್ಯುತ್ ಮೋಟಾರು ತನಗೆ ಕೊಟ್ಟುದರ ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ನಮ್ಮ 1,600 ಕಿಲೋಮೀಟರಿಗೆ ಪೆಟ್ರೋಲಿನ ಕಾರಾಗಿದ್ದರೆ ಸುಮಾರು ನೂರು ಲೀಟರು ಉರಿದು, ಇನ್ನೂರು ಕಿಲೋಗ್ರಾಮಿಗೂ ಮಿಕ್ಕ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತಿತ್ತು.

ಎಡಿನ್‌ಬರೋ ನಗರದಲ್ಲಿ ಒಂದು ದಿನ ತಂಗಿ, ಮರುದಿನ ಸ್ಟರ್ಲಿಂಗ್ ಮಾರ್ಗವಾಗಿ ಬೆಟ್ಟದ ಸೀಮೆಗೆ ಹೊರಟೆವು. ಸಂಜೆ ಮಳೆ ಹಿಡಿಯಿತು. ಮೊದಲೇ ಗೊತ್ತುಮಾಡಿಕೊಂಡಿದ್ದ ಚಾರ್ಜರಿನ ಮುಂದೆ ನಿಂತಾಗ ಅದು ಕೆಟ್ಟಿತ್ತು. ಮುಂದಿನದನ್ನು ತಲುಪಲು ಬ್ಯಾಟರಿಯಲ್ಲಿ ಉಳಿದದ್ದು ಸಾಲುವಂತಿರಲಿಲ್ಲ. ಕೊನೆಗೆ ಸಮೀಪದ ಒಂದು ತೋಟದ ಮನೆಯ ಬಾಗಿಲು ತಟ್ಟಿದೆವು. ಪ್ರವಾಸಿಗರಿಗೆ ಕೊಠಡಿ ಬಾಡಿಗೆಗೆ ಕೊಡುವ ವೃದ್ಧೆಯೊಬ್ಬರು ಬಾಗಿಲು ತೆರೆದರು. ಕಾವಿಯುಟ್ಟ ನಮ್ಮನ್ನೂ ತೊಯ್ದು ನಿಂತ ಶಿಷ್ಯನನ್ನೂ ಒಮ್ಮೆ ನೋಡಿ, ಏನನ್ನೂ ವಿಚಾರಿಸದೆ, ಕೊಟ್ಟಿಗೆಯ ಗೋಡೆಯಲ್ಲಿದ್ದ ಮೂರು ಪಿನ್ನಿನ ಸಾಕೆಟ್ಟನ್ನು ತೋರಿಸಿದರು. ಮನೆಯ ಸಾಕೆಟ್ಟಿನಿಂದ ಬ್ಯಾಟರಿ ತುಂಬುವುದೆಂದರೆ ಗಂಟೆಗೆ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ರಾತ್ರಿಯಿಡೀ ಇಟ್ಟರೂ ನೂರು ಕಿಲೋಮೀಟರಿಗೆ ಸಾಕಾಗುವಷ್ಟು. ನಮಗೆ ಬೇಕಾದದ್ದೂ ಅಷ್ಟೇ. ಬೆಳಗ್ಗೆ ಪೂಜೆ ಮುಗಿಸಿ ಹೊರಡುವಾಗ ಶಿಷ್ಯ ವಿದ್ಯುತ್ತಿನ ಹಣವನ್ನು ಬೇರೆಯಾಗಿ ಕೊಡಹೋದರೆ, ಕೊಠಡಿಯ ಬಾಡಿಗೆಯಷ್ಟನ್ನೇ ತೆಗೆದುಕೊಂಡು ಉಳಿದುದನ್ನು ಆಕೆ ಮರಳಿಸಿದರು. ದಾರಿಗನಿಗೆ ನೀರು ಕೊಟ್ಟು ಹಣ ಪಡೆಯುವವರುಂಟೇ ಎಂಬ ಭಾವ ಆ ಮುಖದಲ್ಲಿತ್ತು. ಯಂತ್ರ ಕೈಬಿಟ್ಟಲ್ಲಿ ಮನುಷ್ಯರು ಕೈಹಿಡಿಯುತ್ತಾರೆಂಬುದನ್ನು ಬೆರ್ಟಾ ಬೆಂಜಳ ಕಾಲದಿಂದ ಇಂದಿನವರೆಗೆ ಎಲ್ಲ ಪ್ರಯಾಣಿಕರೂ ಕಂಡಿದ್ದಾರೆ.

ಶಿಷ್ಯ ನಮ್ಮನ್ನು ಅಷ್ಟು ದೂರ ಕರೆದೊಯ್ದದ್ದು ಒಂದು ಬೆಟ್ಟವನ್ನು ತೋರಿಸಲು. ಅದರ ಹೆಸರು ಬೆನ್ ಕ್ರೂಆಖನ್. ಕೆಳಗೆ ಆ ಎಂಬ ಉದ್ದನೆಯ ಸರೋವರ, ಮೇಲೆ ಬೆಟ್ಟದ ಮಡಿಲಲ್ಲಿ ಅಣೆಕಟ್ಟು ಕಟ್ಟಿ ಮಾಡಿದ ಜಲಾಶಯ, ನಡುವೆ ಬಂಡೆಯನ್ನು ಕೊರೆದು ಸುಮಾರು ಒಂದು ಕಿಲೋಮೀಟರು ಒಳಗೆ ಕಟ್ಟಿದ ಯಂತ್ರಶಾಲೆ. ಜನರಿಗೆ ವಿದ್ಯುತ್ತು ಬೇಡವಾದ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತಿಟ್ಟು, ಬೇಕಾದ ಹೊತ್ತಿನಲ್ಲಿ ಕೆಳಕ್ಕೆ ಬಿಟ್ಟು ವಿದ್ಯುತ್ತು ಪಡೆಯುವ ವ್ಯವಸ್ಥೆ ಅದು. ನೀರನ್ನೆತ್ತಲು ನಾಲ್ಕು ಯೂನಿಟ್ ಖರ್ಚಾದರೆ ಮರಳಿ ಸಿಗುವುದು ಹೆಚ್ಚೆಂದರೆ ಮೂರು. ನಷ್ಟವೆಂದು ತೋರಿದರೂ, ಬೇಕಾದಾಗ ಕೈಗೆ ಸಿಗುವ ಶಕ್ತಿಗೆ ಕೊಡುವ ಬೆಲೆ ಅದು. 1965ರ ಅಕ್ಟೋಬರಿನಲ್ಲಿ ರಾಣಿ ಎಲಿಜಬೆತ್ ಇದನ್ನು ಉದ್ಘಾಟಿಸಿದರು. ಸುರಂಗ ಕೊರೆದ ಕಾರ್ಮಿಕರನ್ನು ಅಲ್ಲಿಯ ಜನ 'ಸುರಂಗದ ಹುಲಿಗಳು' ಎಂದು ಕರೆಯುತ್ತಾರೆ. ಅವರಲ್ಲಿ ಅನೇಕರು ಆ ಕೆಲಸದಲ್ಲಿ ಜೀವ ತೆತ್ತರು. ಒಳಗಿನ ಯಂತ್ರಶಾಲೆಯ ಗೋಡೆಯಲ್ಲಿ ಅವರ ನೆನಪಿಗೆ ಮರದ ಕೆತ್ತನೆಯ ಚಿತ್ರವೊಂದಿದೆಯೆಂದು ಶಿಷ್ಯ ಹೇಳಿದ.

ಗಾಳಿಯಿಂದಲೂ ಬಿಸಿಲಿನಿಂದಲೂ ಬರುವ ವಿದ್ಯುತ್ತು ನಮ್ಮ ಅಗತ್ಯವನ್ನು ಕೇಳಿ ಬರುವುದಿಲ್ಲ. ಬಂದಾಗ ಕೂಡಿಡಬೇಕು. ಕಾರಿನೊಳಗಿನ ಬ್ಯಾಟರಿ ಹೇಗೋ, ಈ ಬೆಟ್ಟ ಒಂದು ನಾಡಿಗೆ ಹಾಗೆ. ಇಷ್ಟನ್ನು ವಿವರಿಸಿದ ಶಿಷ್ಯ ಸರೋವರದ ಕಡೆಗೆ ನೋಡುತ್ತ ಬಹಳ ಹೊತ್ತು ಸುಮ್ಮನೆ ನಿಂತ. ಅನಂತರ, "ಬುದ್ಧಿ, ನಮ್ಮ ಅಜ್ಜನ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಇಂಥದ್ದೇ ನೀರಿನ ಅಡಿಯಲ್ಲಿವೆ. ಅಪ್ಪ ಆಗ ಸಣ್ಣ ಹುಡುಗ. ನೀರು ಏರುತ್ತಿದೆ ಎಂದು ಕೇಳಿ ದನಗಳ ಹಗ್ಗ ಬಿಚ್ಚಿ ಹೊರಟವರಂತೆ. ಅಲ್ಲಿ ತಯಾರಾದ ಕರೆಂಟು ಬೆಂಗಳೂರಿಗೆ ಹೋಯಿತು. ಅಪ್ಪನ ಹೊಸ ಮನೆಗೆ ಕರೆಂಟು ಬಂದಾಗ ನನಗೆ ಹತ್ತು ವರ್ಷ" ಎಂದ.

ಶರಾವತಿಯ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲವಾದರೂ ಕಿರಿಯರಿಗಾಗಿ ನಾಲ್ಕು ಮಾತು ಹೇಳುವುದು ಉಚಿತ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಹೋಯಿತು. ಬೇಡಿಕೆ ಬೆಳೆದಂತೆ ಜೋಗದ ಕಡೆಗೆ ಕಣ್ಣು ಹೊರಳಿತು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಅಲ್ಲಿಯ ಮೊದಲ ವಿದ್ಯುದಾಗಾರ ನಡೆಯತೊಡಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳೊಂದಿಗೆ ಆ ಹಳೆಯ ಅಣೆಕಟ್ಟೂ ಮುಳುಗಿತು. ಇಂದಿಗೂ ಬಿರುಬೇಸಗೆಯಲ್ಲಿ ನೀರು ತೀರ ಇಳಿದಾಗ ಅದು ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅಲ್ಲಿ ನಾನೂರಕ್ಕೂ ಮಿಕ್ಕ ಮೀಟರು ಎತ್ತರದಿಂದ ಸಾವಿರ ಲೀಟರು ನೀರು ಧುಮುಕಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು ಸಿಗುತ್ತದೆ. ನಮ್ಮ ಸ್ಕಾಟ್‌ಲೆಂಡಿನ ಪ್ರಯಾಣಕ್ಕೆ ತಗುಲಿದ ಸುಮಾರು 270 ಯೂನಿಟ್ಟುಗಳನ್ನು ಈ ಅಳತೆಯಿಂದ ನೋಡಿದರೆ, ಐದು ಸಾವಿರ ಲೀಟರಿನ ಐವತ್ತನಾಲ್ಕು ಟ್ಯಾಂಕರು ಶರಾವತಿಯ ನೀರು ಮೂವರ ಸುಖಪ್ರಯಾಣಕ್ಕಾಗಿ ಧುಮುಕಿದಂತಾಯಿತು. ಆ ಮೂರನೆಯವರು ಶಿಷ್ಯನ ಮನೆಯಾಕೆ. ಅವರೇ ಈ ಲೆಕ್ಕವನ್ನು ಮೊದಲು ಕೇಳಿದವರು.

ಕಳೆದ ಚಳಿಗಾಲದಲ್ಲಿ ಆ ಶಿಷ್ಯ ಊರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಗೆಳೆಯರಿಂದ ವಿದ್ಯುತ್ ಕಾರೊಂದನ್ನು ಪಡೆದು ಶಿವಮೊಗ್ಗೆಗೆ ತಂದಿದ್ದ. ಮರುದಿನ ಬೆಳಗ್ಗೆ ಮಕ್ಕಳಿಗೆ ಆನೆಗಳನ್ನು ತೋರಿಸಬೇಕೆಂದು ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲಿಗೆ ಹೊರಟವನು ನಮ್ಮನ್ನೂ ಕರೆದ. ಗಾಜನೂರಿನ ಹಿನ್ನೀರಿನಲ್ಲಿ ತುಂಗೆ ಅಲುಗಾಡದೆ ನಿಂತಿದ್ದಳು. ಆನೆಗಳು ಒಂದೊಂದಾಗಿ ನೀರಿಗಿಳಿದು ಪಕ್ಕಕ್ಕೆ ಒರಗಿದವು. ಮಾವುತರು, ಕಾವಾಡಿಗಳು ಮೈ ಉಜ್ಜತೊಡಗಿದರು. ಕಾರು ಸದ್ದಿಲ್ಲದೆ ಬಂದು ನಿಂತುದನ್ನು ಕಂಡು ಹಿರಿಯ ಮಾವುತರೊಬ್ಬರು, "ಬುದ್ಧಿ, ಈ ಗಾಡಿ ಒಳ್ಳೇದು. ಹಾರನ್ನು ಹೊಡೆದ್ರೆ, ಎಂಜಿನ್ನು ಗುರ್ ಅಂದ್ರೆ ನಮ್ಮ ಮರಿಗಳು ಬೆದರ್ತಾವೆ" ಎಂದರು. ಶಿಷ್ಯನ ಮಗಳು, ಆನೆಗೆ ದಿನಕ್ಕೆ ಎಷ್ಟು ಮೇವು ಬೇಕೆಂದು ಕೇಳಿದಳು. "ನಾವು ಕೊಡೋದು ಸ್ವಲ್ಪಾನೇ ಮಗಾ. ಸ್ನಾನ ಆದ್ಮೇಲೆ ಕಾಡಿಗೆ ಬಿಡ್ತೀವಿ. ರಾತ್ರಿಯೆಲ್ಲ ಮೇಯ್ತಾವೆ. ಬೆಳಗ್ಗೆ ಹೆಜ್ಜೆ ನೋಡ್ಕೊಂಡು ಹೋಗಿ ಕರ್ಕೊಂಡು ಬರ್ತೀವಿ. ಕಾಡು ಇದ್ರೆ ಆನೆ. ಕಾಡು ಇಲ್ದೆ ಇದನ್ನ ಸಾಕೋದು ಯಾರಿಂದಾಗುತ್ತೆ?" ಎಂದು ಅವರು ಉತ್ತರಿಸಿದರು. ಮಗಳು ತಂದೆಯ ಕಡೆ ತಿರುಗಿ, "ಹಾಗಾದರೆ ಕಾಡೇ ಆನೆಯ ಚಾರ್ಜರ್ ಅಲ್ಲವೇನಪ್ಪಾ?" ಎಂದಳು. ನಾವೆಲ್ಲ ನಕ್ಕೆವು, ಆದರೆ ಆ ಮಾತು ಬರಿಯ ನಗೆಯ ಮಾತಲ್ಲ. ಮೋಟಾರು ಬರುವ ಮುನ್ನ ಈ ಮಲೆನಾಡಿನ ಭಾರವಾದ ಮರಗಳನ್ನು ಎಳೆದದ್ದು ಇಂಥ ಆನೆಗಳೇ. ಭದ್ರಾವತಿಯ ಕಬ್ಬಿಣದ ಕುಲುಮೆ 1923ರಲ್ಲಿ ಉರಿಯತೊಡಗಿದಾಗ ಅದಕ್ಕೆ ಬೇಕಾದ ಇದ್ದಿಲನ್ನು ಕೊಟ್ಟದ್ದೂ ಇದೇ ಕಾಡು. ನಾಡಿನ ಪ್ರತಿಯೊಂದು ಹೊಸ ಹೆಜ್ಜೆಗೂ ಮಲೆನಾಡು ತನ್ನ ಮೈಯಿಂದ ಏನನ್ನಾದರೂ ಕೊಡುತ್ತಲೇ ಬಂದಿದೆ.

ಸಕ್ರೆಬೈಲಿನಿಂದ ಶಿವಮೊಗ್ಗೆಗೆ ಮರಳಿ, ಸಾಗರದ ಮಾರ್ಗವಾಗಿ ಶರಾವತಿಯ ಹಿನ್ನೀರಿಗೆ ಹೋದೆವು. ತನ್ನ ಮಕ್ಕಳು ಅಜ್ಜನ ಊರಿದ್ದ ದಿಕ್ಕನ್ನಾದರೂ ನೋಡಲೆಂಬುದು ಶಿಷ್ಯನ ಆಸೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು, ಲಿಂಗನಮಕ್ಕಿ ತುಂಬಿದ ಕಾಲದಿಂದ ಅರುವತ್ತು ವರ್ಷ, ತುಮರಿ ಸೀಮೆಯ ಜನ ಆಸ್ಪತ್ರೆಗಾಗಲಿ ಕಾಲೇಜಿಗಾಗಲಿ ಸಾಗರಕ್ಕೆ ಬರಬೇಕಾದರೆ ಲಾಂಚನ್ನೇ ಕಾಯಬೇಕಾಗಿತ್ತು. ಇಲ್ಲವೇ ಬಹುದೂರದ ಸುತ್ತುದಾರಿ ಹಿಡಿಯಬೇಕಾಗಿತ್ತು. ರಾತ್ರಿ ಲಾಂಚು ನಿಂತ ಮೇಲೆ ಹೆರಿಗೆಯ ನೋವು ಬಂದ ಹೆಣ್ಣುಮಗಳ ಪಾಡನ್ನು ಊಹಿಸಬಹುದು. ನಾಡಿನ ದೀಪಕ್ಕಾಗಿ ನೆಲ ಬಿಟ್ಟುಕೊಟ್ಟವರಿಗೆ ಒಂದು ದಾರಿಯನ್ನು ಮರಳಿ ಕೊಡಲು ನಾಡಿಗೆ ಆರು ದಶಕಗಳು ಬೇಕಾದವು. ನಮ್ಮ ಕಾರು ಆ ಸೇತುವೆಯನ್ನು ಮೂರು ನಾಲ್ಕು ನಿಮಿಷಗಳಲ್ಲಿ, ಸದ್ದಿಲ್ಲದೆ, ದಾಟಿತು. ಕೆಳಗೆ ನೀರು, ನೀರಿನ ಕೆಳಗೆ ಊರು.

ಸೇತುವೆಯೇನೋ ಬಂತು. ಹಕ್ಕುಪತ್ರ ಎಲ್ಲರಿಗೂ ಬಂದಿಲ್ಲ. ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಹಲವು ತಾಲೂಕುಗಳಲ್ಲಿ ನೆಲೆಗೊಳಿಸಲಾಯಿತು. ಅವುಗಳಲ್ಲಿ ಅನೇಕ ಕುಟುಂಬಗಳು ಉಳುತ್ತಿರುವ ನೆಲ ಕಡತಗಳಲ್ಲಿ ಇಂದಿಗೂ ಅರಣ್ಯವೆಂದೇ ಇದೆ. ಸರ್ಕಾರದ ಆದೇಶ, ಅರಣ್ಯದ ಕಾನೂನು, ನ್ಯಾಯಾಲಯದ ತೀರ್ಪು, ಇವುಗಳ ನಡುವೆ ಮೂರನೆಯ ತಲೆಮಾರು ಓಡಾಡುತ್ತಿದೆ. ಶಿಷ್ಯನ ದೊಡ್ಡಪ್ಪನ ಮಕ್ಕಳು ಅಂಥವರಲ್ಲಿ ಸೇರಿದ್ದಾರೆ.

ಈ ಹಳೆಯ ಋಣ ತೀರುವ ಮೊದಲೇ ಹೊಸದೊಂದು ಬಾಗಿಲಲ್ಲಿ ನಿಂತಿದೆ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ, ಈ ಎರಡು ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆಗಾವಾಟ್ ಸಾಮರ್ಥ್ಯದ ಭೂಗತ ಸ್ಥಾವರವನ್ನು ಕಟ್ಟುವ ಯೋಜನೆಯೇ ಅದು. ನಾವು ಸ್ಕಾಟ್‌ಲೆಂಡಿನ ಬೆಟ್ಟದಲ್ಲಿ ಕಂಡ ತತ್ತ್ವವೇ ಇಲ್ಲಿಯದು. ಗಾತ್ರ ಮಾತ್ರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆ ನಡುವಣ ಕಾಡು ಸಿಂಗಳೀಕಗಳ ಅಭಯಾರಣ್ಯ. ಹಗಲು ಸೌರವಿದ್ಯುತ್ತು ಹೆಚ್ಚಾಗಿ ಸಂಜೆ ಕೊರತೆಯಾಗುವ ರಾಜ್ಯಕ್ಕೆ ಇಂಥ ಸಂಗ್ರಹ ಬೇಕೆಂಬುದು ಯೋಜನೆಯ ಪರವಾದ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಣಿವೆಯ ಮಣ್ಣು ಸಡಿಲ, ಕಾಡು ಅಪರೂಪದ್ದು, ಜನ ಒಮ್ಮೆ ಎದ್ದುಬಂದವರು ಎಂಬುದು ವಿರೋಧದ ವಾದ. ಅದು ಇನ್ನೂ ಭಾರವಾದದ್ದು. 2025ರಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ತಮ್ಮ ವಿರೋಧವನ್ನು ಬಿಚ್ಚಿ ಹೇಳಿದ್ದಾರೆ.

ಈಗ ಮೂರನೆಯ ಪ್ರಶ್ನೆಗೆ ಬರೋಣ. ವಿದ್ಯುತ್ ಕಾರು ಪುಣ್ಯದ ವಾಹನವೇ? ಹೊಗೆಯಿಲ್ಲದ ಪ್ರಯಾಣವುಂಟು, ಋಣವಿಲ್ಲದ ಪ್ರಯಾಣವಿಲ್ಲ. ಪೆಟ್ರೋಲಿನ ಋಣ ಅರಬಸ್ಥಾನದ ಬಾವಿಗೂ ಆಕಾಶದ ಹೊಗೆಗೂ ಸಲ್ಲುತ್ತಿತ್ತು. ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ವಿದ್ಯುತ್ತಿನ ಋಣ ಕಾಂಗೋ ದೇಶದ ಕೋಬಾಲ್ಟಿನ ಗಣಿಗೆ, ಚಿಲಿಯ ಲಿಥಿಯಂ ಹೊಂಡಕ್ಕೆ, ಜೊತೆಗೆ ನಮ್ಮದೇ ನದಿಯ ಕಣಿವೆಗೆ ಸಲ್ಲುತ್ತದೆ. ಒಂದು ವಿಷಯದಲ್ಲಿ ಮಾತ್ರ ಈ ಹೊಸ ವಾಹನ ಹಳೆಯದಕ್ಕಿಂತ ಮೇಲು. ಅದು ತನ್ನ ಖರ್ಚನ್ನು ಮುಚ್ಚಿಡುವುದಿಲ್ಲ. ಮೈಲಿಮೈಲಿಗೂ ಅಂಕಿಯನ್ನು ಮುಂದಿಡುತ್ತದೆ. ಇಷ್ಟಕ್ಕೆ ನಿಲ್ಲು, ಇನ್ನೊಬ್ಬರಿಗೆ ಜಾಗ ಬಿಡು ಎನ್ನುತ್ತದೆ. ಒಮ್ಮೊಮ್ಮೆ ಪರರ ಬಾಗಿಲು ತಟ್ಟುವಂತೆ ಮಾಡುತ್ತದೆ. ಲೆಕ್ಕ ಕಣ್ಣಿಗೆ ಕಂಡವನು ಸಾಲಗಾರ ಯಾರೆಂದು ಕೇಳಲೇಬೇಕು. ಆ ಪ್ರಶ್ನೆ ನಮ್ಮಲ್ಲಿ ಎದ್ದರೆ ಈ ಕಾರಿನಿಂದ ನಾಡಿಗೆ ಒಳಿತಾದೀತು. ಏಳದಿದ್ದರೆ ಇದೂ ಸಿರಿವಂತರ ಮತ್ತೊಂದು ಆಟಿಕೆಯಾದೀತು.

ಋಣ ತೀರಿಸುವ ಬಗೆಗಳೂ ನಮ್ಮ ನಾಡಿನಲ್ಲಿಯೇ ಇವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರವನ್ನು ಕಟ್ಟಿದಾಗ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಆ ಗುತ್ತಿಗೆ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. ನೆಲವಿಲ್ಲದ ಕೂಲಿಕಾರರಿಗೆ ಅದರಿಂದ ಪಾಲು ಸಿಗಲಿಲ್ಲವೆಂಬ ಕೊರತೆಯುಂಟು. ಆದರೂ ಕೊಟ್ಟವನು ನೆಲದ ಒಡೆಯನಾಗಿಯೇ ಉಳಿಯುತ್ತಾನೆ, ಪ್ರತಿವರ್ಷವೂ ಅವನ ಋಣವನ್ನು ನೆನೆಯಲಾಗುತ್ತದೆ ಎಂಬುದು ಸಣ್ಣ ಮಾತಲ್ಲ. 1964ರಲ್ಲಿ ಶರಾವತಿಯವರಿಗೆ ಇಷ್ಟು ದೊರೆತಿದ್ದರೆ ಇಂದು ಅವರ ಮೊಮ್ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿರಲಿಲ್ಲ. ಹಳೆಯ ಹಕ್ಕುಪತ್ರಗಳನ್ನು ಕೊಟ್ಟು ಮುಗಿಸದೆ ಹೊಸ ಸುರಂಗಕ್ಕೆ ಗುದ್ದಲಿ ಹಾಕಬಾರದೆಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ಅದನ್ನು ಕೊಟ್ಟ ಮೇಲೂ, ಅಂಥ ಸಂಗ್ರಹಕ್ಕೆ ಕಾಡಿಲ್ಲದ, ಜನ ಏಳಬೇಕಾಗದ ಬೇರೆ ಜಾಗಗಳಿವೆಯೇ ಎಂದು ಮೊದಲು ಹುಡುಕಬೇಕು.

ಪರದೇಶಗಳಲ್ಲಿಯೂ ಬೆಂಗಳೂರಿನಂಥ ನಗರಗಳಲ್ಲಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ವಿದ್ಯುತ್ ಕಾರು ಕೊಳ್ಳುವವರು ಸಂತೋಷದಿಂದ ಕೊಳ್ಳಿರಿ. ಬೇಡವೆನ್ನಲು ನಮಗೆ ಕಾರಣವಿಲ್ಲ. ಆದರೆ ಮನೆಯ ಗೋಡೆಗೆ ಚಾರ್ಜರು ಕೂಡಿಸುವ ದಿನ ಮಕ್ಕಳನ್ನು ಹತ್ತಿರ ಕರೆದು, ಈ ತಂತಿಯ ಆಚೆಯ ತುದಿಯಲ್ಲಿ ಯಾರಿದ್ದಾರೆಂಬುದನ್ನು ಹೇಳಿರಿ. ತಾರಸಿಯಿರುವವರು ಸೌರಫಲಕ ಹಾಕಿಸಿ, ಸ್ವಂತ ಬಿಸಿಲಿನ ಪಾಲನ್ನು ಮೊದಲು ಬಳಸಿರಿ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಬೆಳೆದ ವಕೀಲರು, ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಭೂಮಾಪನ ಬಲ್ಲವರು ಅನೇಕರಿದ್ದೀರಿ. ಮುಳುಗಡೆಯ ಕುಟುಂಬಗಳ ಕಾಗದಪತ್ರಗಳನ್ನು ಜೋಡಿಸಿ, ಅರ್ಜಿ ಬರೆದುಕೊಟ್ಟು, ಅವರೊಡನೆ ಕಚೇರಿಯ ಮೆಟ್ಟಿಲು ಹತ್ತಲು ತಿಂಗಳಿಗೆ ಒಂದು ದಿನ ಕೊಡಬಲ್ಲವರು ಮಠಕ್ಕೆ ಬರೆದು ತಿಳಿಸಿರಿ. ಸ್ಕಾಟ್‌ಲೆಂಡಿನ ದಾರಿಯಲ್ಲಿ ನಮ್ಮನ್ನು ಕರೆದೊಯ್ದ ಶಿಷ್ಯ ಈ ಕೆಲಸದ ಖರ್ಚಿಗೆಂದು ತನ್ನ ಮೊದಲ ಕಂತನ್ನು ಕಳುಹಿಸಿದ್ದಾನೆ. ಒಂದು ಊರಿನ ಹನ್ನೊಂದು ಮನೆಗಳ ದಾಖಲೆಗಳನ್ನು ಕಲೆಹಾಕುವುದರಿಂದ ಕೆಲಸ ಆರಂಭವಾಗಿದೆ. ಉಳಿದ ಮನೆಗಳು ಕಾಯುತ್ತಿವೆ.